ಕಬ್ಬು ಬೆಳೆಯದ ಊರಿನ ರಮ್ಮು

ಕಬ್ಬಿನ ಒಂದು ಜಲ್ಲೆಯೂ ಬೆಳೆಯದ ಊರಲ್ಲಿ ಕಾಕಂಬಿಯಿಂದ ರಮ್ ಇಳಿಸ್ತಾರೆ ಅಂತ ಅಕ್ಕನ ಮಗ ಹೇಳಿದಾಗ ನಾನು ನಂಬಲಿಲ್ಲ. ಅವನು ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸಕ್ಕಿದ್ದಾನೆ. ಯುಗಾದಿಗೆ ಬಂದಾಗ ಒಂದು ಬಾಟಲಿ ತಂದಿದ್ದ. ಬಾಸ್ಟನ್ನಿನಿಂದ ಉತ್ತರಕ್ಕಿರುವ ಇಪ್ಸ್‌ವಿಚ್ ಎಂಬ ಸಣ್ಣ ಊರಿನದು. 2011ರಲ್ಲಿ ಶುರುವಾದ ಪ್ರೈವೇಟಿಯರ್ ಅನ್ನುವ ಸಣ್ಣ ಭಟ್ಟಿಯವರು ಮಾಡಿದ್ದು. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತೆ. ಕಬ್ಬು ಹಾಕಿದರೆ ಮೊದಲ ಚಳಿಗೇ ಸುಟ್ಟು ಹೋಗುತ್ತೆ.

"ಮಾವ, ನೀವು ಕುಡೀಬೇಡಿ, ರುಚಿ ಹೇಳಿ ಸಾಕು. ಆಲೆಮನೆ ಕಂಡೋರು ನೀವು" ಅಂದ.

ನಮ್ಮದು ಶಿರಾ ಕಡೆಯ ಮಳೆ ನಂಬಿದ ಹೊಲ. ರಾಗಿ, ಕಡಲೆಕಾಯಿ, ಹುರುಳಿ ಬಿಟ್ಟರೆ ಬೇರೆ ಬೆಳೆ ಇಲ್ಲ. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಮೂರು ವರ್ಷ ಮಂಡ್ಯದ ಹತ್ತಿರ ಸೋದರಮಾವನ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತಿದ್ದೇನೆ. ಅಳಿಯ ಹೇಳಿದ್ದು ಅದನ್ನೇ.

ನಮ್ಮ ಮನೆಯಲ್ಲಿ ಬಾಟಲಿ ಅಂದರೆ ಸುಲಭದ ಮಾತಲ್ಲ. ನನ್ನ ತಮ್ಮ ಪ್ಯಾಕೆಟ್ ಸಾರಾಯಿಗೆ ಎರಡು ಎಕರೆ ಕಳೆದ, ಆಮೇಲೆ ಜೀವವನ್ನೂ ಕಳೆದುಕೊಂಡ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅಷ್ಟರೊಳಗೆ ಅವನು ಇರಲಿಲ್ಲ. ಬಾಟಲಿ ನೋಡಿದ ಕೂಡಲೆ ನನ್ನ ಹೆಂಡತಿ ಎದ್ದು ಹಿತ್ತಲಿಗೆ ಹೋದಳು. ನಾನೂ ಏಳಬೇಕಿತ್ತೋ ಏನೋ. ಆದರೆ ತಿಳಿಯುವ ಚಪಲ ಬಿಡಲಿಲ್ಲ. ಒಂದು ಚಮಚದಷ್ಟು ಲೋಟಕ್ಕೆ ಹಾಕಿಸಿಕೊಂಡೆ.

ಮೊದಲು ಮೂಸಿದಾಗ ಮೂಗಿಗೆ ಖಾರ ಹೊಡೆಯಿತು, ಏನೂ ಗೊತ್ತಾಗಲಿಲ್ಲ. ನಾಲ್ಕು ಹನಿ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ ಅಂದ. ಆಮೇಲೆ ಬಂದ ವಾಸನೆ ನನಗೆ ಚೆನ್ನಾಗಿ ಗುರುತಿದ್ದದ್ದು. ಪಾಕ ಇಳಿಸುವುದು ಕೊಂಚ ತಡವಾಗಿ ಕೊಪ್ಪರಿಗೆ ತಳ ಹಿಡಿದಾಗ ಬರುತ್ತಲ್ಲ, ಆ ಕಮಟು. ಅದರ ಹಿಂದೆ ಬಡಗಿ ಉಜ್ಜುಗೊರಡು ಹೊಡೆಯುವಾಗಿನ ಹಸಿ ಮರದ ವಾಸನೆ. ನಾಲಿಗೆಗೆ ಮುಟ್ಟಿಸಿದೆ. ಸಿಹಿ ಇರುತ್ತೆ ಅಂದುಕೊಂಡಿದ್ದೆ, ಚೂರೂ ಇರಲಿಲ್ಲ. ಬಿಸಿ, ಒಗರು, ಕೊನೆಗೆ ಕರಿಬೆಲ್ಲದ ನೆನಪು ಮಾತ್ರ.

ಸಿಹಿ ಯಾಕಿಲ್ಲ ಅನ್ನೋದು ಯೋಚಿಸಿದರೆ ಸರಳ. ಕಾಕಂಬಿಗೆ ನೀರು ಬೆರೆಸಿ ಹುದುಗು ಹಾಕಿದರೆ ಅದರಲ್ಲಿರುವ ಸಕ್ಕರೆಯನ್ನು ಹುದುಗು ತಿಂದು ಮದ್ಯಸಾರ ಮಾಡುತ್ತೆ. ಅದನ್ನು ಹಂಡೆಯಲ್ಲಿ ಕಾಯಿಸಿದಾಗ ಆವಿಯಾಗಿ ಏರುವುದು ಸಾರ ಮತ್ತು ವಾಸನೆ, ಉಳಿದ ಸಕ್ಕರೆ ಹಂಡೆಯಲ್ಲೇ ನಿಲ್ಲುತ್ತೆ. ಕೆಲವು ರಮ್ಮಿನ ಸಿಹಿ ಆಮೇಲೆ ಬೆರೆಸಿದ್ದು, ಕಪ್ಪು ಬಣ್ಣ ಎಷ್ಟೋ ಸಲ ಸುಟ್ಟ ಸಕ್ಕರೆಯದು. ಈ ಬಾಟಲಿಯವರು ಏನೂ ಬೆರೆಸುವುದಿಲ್ಲವಂತೆ, ಬಣ್ಣ ಮರದಿಂದಲೇ ಬಂದದ್ದು. ಭಟ್ಟಿಯಲ್ಲಿ ಮೊದಲು ಇಳಿಯುವ ಭಾಗ ಘಾಟು ಮತ್ತು ಕೇಡು, ಕೊನೆಯದು ಮುಗ್ಗಲು. ಎರಡನ್ನೂ ಬೇರೆ ತೆಗೆದು ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಎಲ್ಲಿ ಕತ್ತರಿಸಬೇಕು ಅನ್ನೋದೇ ಕಸುಬು. ಇದನ್ನು ಓದಿ ಯಾರೂ ಮನೆಯಲ್ಲಿ ಕೈ ಹಾಕಬೇಡಿ. ಅಪರಾಧವೂ ಹೌದು, ಕಣ್ಣು ಹೋಗುವ ಕೆಲಸವೂ ಹೌದು.

ಕಬ್ಬಿಲ್ಲದ ಊರಿಗೆ ಈ ಕಸುಬು ಹೇಗೆ ಬಂತು? ಇದು ಹೊಸತಲ್ಲ. ಬಾಸ್ಟನ್ನಿನಲ್ಲಿ 1667ರಲ್ಲೇ ರಮ್ಮಿನ ಭಟ್ಟಿ ಇತ್ತು. ಕೆರಿಬಿಯನ್ ದ್ವೀಪಗಳಲ್ಲಿ ಸಕ್ಕರೆ ತೆಗೆದು ಉಳಿದ ಕಾಕಂಬಿ ಅಗ್ಗವಾಗಿತ್ತು. ಫ್ರಾನ್ಸಿನವರಂತೂ ತಮ್ಮ ದ್ರಾಕ್ಷಿ ಬ್ರಾಂದಿಗೆ ಪೆಟ್ಟು ಬೀಳಬಾರದು ಅಂತ ತಮ್ಮ ದ್ವೀಪಗಳ ರಮ್ಮನ್ನು ತಾಯ್ನಾಡಿಗೆ ಬಿಟ್ಟುಕೊಳ್ಳಲಿಲ್ಲ. ಅದರಿಂದ ಅವರ ಕಾಕಂಬಿಗೆ ಗಿರಾಕಿ ಬೇಕಿತ್ತು. ಬಾಸ್ಟನ್ನಿನ ಕಡೆಯವರು ಒಣಮೀನು, ಮರಮುಟ್ಟು ಕೊಟ್ಟು ಕಾಕಂಬಿ ತಂದರು. ಬ್ರಿಟಿಷರು 1733ರಲ್ಲಿ ಪರದೇಶದ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ ಹಾಕಿದರು. ಜನ ಕಳ್ಳಸಾಗಣೆ ಮಾಡಿದರು. 1764ರಲ್ಲಿ ಅದನ್ನು 3 ಪೆನ್ಸಿಗೆ ಇಳಿಸಿ ಬಿಗಿಯಾಗಿ ವಸೂಲಿಗೆ ನಿಂತಾಗ ಸಿಟ್ಟು ಇನ್ನೂ ಹೆಚ್ಚಿತು. ಮುಂದೆ ಅವರು ಬ್ರಿಟಿಷರ ಮೇಲೆ ತಿರುಗಿಬಿದ್ದದ್ದಕ್ಕೆ ಈ ಸುಂಕವೂ ಒಂದು ಕಾರಣ.

ಆ ರಮ್ ಹಡಗು ಹತ್ತಿ ಆಫ್ರಿಕಾಕ್ಕೂ ಹೋಗುತ್ತಿತ್ತು. ಅದನ್ನು ಕೊಟ್ಟು ಮನುಷ್ಯರನ್ನು ಕೊಂಡು ದ್ವೀಪಗಳ ಕಬ್ಬಿನ ಗದ್ದೆಗೆ ಮಾರುತ್ತಿದ್ದರು. ಅವರು ಕಡಿದ ಕಬ್ಬಿನ ಕಾಕಂಬಿಯಿಂದ ಮತ್ತೆ ರಮ್. ಅಳಿಯ ಇದನ್ನು ಹೇಳುವಾಗ ಲೋಟ ಕೆಳಗಿಟ್ಟೆ.

ಇನ್ನೊಂದು ಸಂಗತಿ. 1919ರ ಜನವರಿ 15ರಂದು ಬಾಸ್ಟನ್ನಿನಲ್ಲಿ 50 ಅಡಿ ಎತ್ತರದ ಕಾಕಂಬಿ ಟ್ಯಾಂಕು ಒಡೆದು ಬೀದಿಗೆ ನುಗ್ಗಿತು, 21 ಜನ ಸತ್ತರು. ಅದು ಕಾರ್ಖಾನೆ ಕೆಲಸದ ಆಲ್ಕೋಹಾಲಿಗೆ ಇಟ್ಟದ್ದು. ಮರು ವರ್ಷ ದೇಶಕ್ಕೇ ಪಾನನಿಷೇಧ ಬಂತು, 1933ರ ತನಕ ಇತ್ತು. ಆಮೇಲೆ ಅಲ್ಲಿಯ ರಮ್ ಕಸುಬು ಸುಮಾರಾಗಿ ಮರೆತೇ ಹೋಗಿ, ಈಚೆಗೆ ಸಣ್ಣ ಭಟ್ಟಿಯವರು ಎತ್ತಿಕೊಂಡಿದ್ದಾರೆ.

ಚಳಿಯಿಂದ ಅವರಿಗೊಂದು ಲಾಭವಿದೆ. ಒಳಗೋಡೆ ಸುಟ್ಟ ಓಕ್ ಮರದ ಪೀಪಾಯಿಯಲ್ಲಿ ರಮ್ ಇಟ್ಟರೆ ಬೇಸಗೆಯಲ್ಲಿ ಅದು ಹಿಗ್ಗಿ ಮರದೊಳಗೆ ಹೋಗುತ್ತೆ, ಚಳಿಗೆ ಕುಗ್ಗಿ ಹೊರಗೆ ಬರುತ್ತೆ. ಹಾಗೆ ಹೋಗಿ ಬಂದು ಮರದ ಒಗರು, ಬಣ್ಣ ತರುತ್ತೆ. ಜೊತೆಗೆ ಆರಿಯೂ ಹೋಗುತ್ತೆ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ 2 ಪಾಲು ಆರಿದರೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರ ವಿಸ್ಕಿ ಪೀಪಾಯಿಯಲ್ಲಿ 10ಕ್ಕೂ ಮೇಲೆ. ಸೆಕೆಯಲ್ಲಿ ಬೇಗ ಹಣ್ಣಾಗುತ್ತೆ, ಬೇಗ ಖಾಲಿಯೂ ಆಗುತ್ತೆ. ಅವರೇ ಈಗ ಬೆಲ್ಲದಿಂದ ರಮ್ ಮಾಡಿ 'ಬೆಲ್ಲ' ಅಂತಲೇ ಹೆಸರಿಟ್ಟಿದ್ದಾರೆ.

ಬೆಲೆ ಕೇಳಿದೆ. ಅಳಿಯ ಹೇಳಿದ್ದನ್ನು ರೂಪಾಯಿಗೆ ತಿರುಗಿಸಿದರೆ ನಮ್ಮ ಒಂದು ಕ್ವಿಂಟಲ್ ರಾಗಿಯ ಹತ್ತಿರ ಬಂತು. ಕಬ್ಬು ಎಲ್ಲಿಯವರೋ ಬೆಳೆದರು, ಹೆಸರು ಕಾಯಿಸಿ ಕಾದು ಕೂತವರಿಗೆ. ನಮ್ಮ ಕಡಲೆಕಾಯಿಯದೂ ಇದೇ ಕತೆ, ಎಣ್ಣೆ ತೆಗೆಯುವುದು ಬೇರೆಯವರು.

ಸಂಜೆ ಅಳಿಯ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ಹೊರಟ. ನಾನು ಬಿಟ್ಟುಹೋಗು ಅನ್ನಲಿಲ್ಲ, ಅವನೂ ಕೇಳಲಿಲ್ಲ. ಲೋಟವನ್ನು ಹೆಂಡತಿ ಬೂದಿ ಹಾಕಿ ಎರಡು ಸಲ ತಿಕ್ಕಿದಳು.