ಚೆನ್ನೈನ ಹವೆಯಲ್ಲಿ ಚರ್ಮರಕ್ಷಣೆ: ತವರಿನ ಮನೆಮದ್ದುಗಳು

ಕರ್ನಾಟಕದ ನಾನಾ ಭಾಗಗಳಿಂದ ಬಂದು ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಭಾಷೆ, ಹಬ್ಬ, ಅಡಿಗೆಗಳೊಡನೆ ಉಳಿದುಬಂದಿರುವ ಇನ್ನೊಂದು ಆಸ್ತಿ ಮನೆಮದ್ದು. ಅಜ್ಜಿಯರು ಕಲಿಸಿಕೊಟ್ಟ ಸ್ನಾನದ ಪುಡಿ, ದೀಪಾವಳಿಯ ಅಭ್ಯಂಜನ, ಬೇವಿನ ನೀರು, ಲೋಳೆಸರದ ತಿರುಳು ಇವು ಇಂದಿಗೂ ಅನೇಕ ಕುಟುಂಬಗಳಲ್ಲಿ ಬಳಕೆಯಲ್ಲಿವೆ. ಆದರೆ ಧಾರವಾಡದ ಒಣ ಗಾಳಿಗೋ ಮಲೆನಾಡಿನ ಚಳಿಗೋ ಹೊಂದಿಕೊಂಡು ಬೆಳೆದ ಮದ್ದು, ಸಮುದ್ರತೀರದ ಈ ಮಹಾನಗರದಲ್ಲಿ ಅದೇ ರೂಪದಲ್ಲಿ ಗುಣ ಕೊಡುವುದೆಂದು ಹೇಳಲಾಗದು. ನೆಲ ಬದಲಾದರೆ ಮದ್ದಿನ ಪ್ರಮಾಣವೂ ಕ್ರಮವೂ ಬದಲಾಗಬೇಕು. ಕೆಲವೆಡೆ ಮದ್ದಿನ ಹೆಸರೇ ಬದಲಾಗಿರುತ್ತದೆ; ಅದನ್ನರಿಯದಿದ್ದರೆ ಅಪಾಯವೂ ಉಂಟು.

ಚರ್ಮವೂ ಹವೆಯೂ

ವಯಸ್ಕ ಮನುಷ್ಯನ ಚರ್ಮದ ವಿಸ್ತಾರ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ಅದರಲ್ಲಿ 20ರಿಂದ 40 ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ. ಚರ್ಮದ ಹೊರಪದರವು ಸ್ವಲ್ಪ ಆಮ್ಲಗುಣವುಳ್ಳದ್ದು. ಅದರ ಮೇಲಿನ ತೆಳುವಾದ ಜಿಡ್ಡು ದೇಹದ ನೀರು ಆರಿಹೋಗದಂತೆ ಕಾಪಾಡುತ್ತದೆ. ಉತ್ತರ ಕರ್ನಾಟಕದ ಪುಷ್ಯ-ಮಾಘಗಳಲ್ಲಿ ಒಣಗಾಳಿ ಈ ಜಿಡ್ಡನ್ನೂ ನೀರನ್ನೂ ಹೀರುವುದರಿಂದ ಮೈ ಬಿರಿಯುತ್ತದೆ. ಅಲ್ಲಿ ಎಣ್ಣೆಯೇ ಮದ್ದು.

ಚೆನ್ನೈಯ ಸಂಗತಿ ಇದಕ್ಕೆ ವಿರುದ್ಧ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಸುಲಭವಾಗಿ ಆರುವುದಿಲ್ಲ. ಸದಾ ತೊಯ್ದ ಚರ್ಮವು ಮೆತ್ತಗಾಗಿ ಬೆವರಿನ ನಾಳಗಳ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಸಿಕ್ಕಿಕೊಂಡ ಬೆವರು ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಇದೇ ಬೆವರುಸಾಲೆ, ತಮಿಳರು ಇದನ್ನು ವೇರ್ಕುರು ಎನ್ನುವರು. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಇದು ಕಾಣದ ಮನೆಯೇ ವಿರಳ. ಊರಿನ ರೂಢಿಯಂತೆ ಮಗುವಿನ ಮೈಗೆ ಎಣ್ಣೆ ಹಚ್ಚಿ ಹಾಗೆಯೇ ಬಿಟ್ಟರೆ ನಾಳಗಳು ಮತ್ತಷ್ಟು ಮುಚ್ಚಿ ಬೆವರುಸಾಲೆ ಹೆಚ್ಚುತ್ತದೆ. ದಪ್ಪನಾದ ಲೇಪಗಳಿಂದಲೂ ಇದೇ ಪರಿಣಾಮ. ಈ ತೊಂದರೆಗೆ ತಣ್ಣೀರಿನ ಸ್ನಾನ, ಸಡಿಲವಾದ ಹತ್ತಿಯ ಬಟ್ಟೆ ಮತ್ತು ಗಾಳಿಗಿಂತ ಮಿಗಿಲಾದ ಮದ್ದು ಬೇರೊಂದಿಲ್ಲ.

ಹೆಸರಿನ ಎಚ್ಚರ

ಪಾರ್ಕ್ ಟೌನಿನ ರಾಸಪ್ಪ ಚೆಟ್ಟಿ ಬೀದಿಯಲ್ಲಿಯೂ ಮೈಲಾಪುರದ ಕಚೇರಿ ರಸ್ತೆಯಲ್ಲಿಯೂ ನಾಟು ಮರುಂದು ಅಂಗಡಿಗಳಿವೆ. ಬೇಕಾದ ಬೇರು, ತೊಗಟೆ, ಒಣಹೂಗಳು ಅಲ್ಲಿ ದೊರೆಯುತ್ತವೆ. ಕನ್ನಡದ ಗೃಹಿಣಿಯು ಅಲ್ಲಿಗೆ ಹೋಗುವ ಮೊದಲು ಕೆಲವು ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಲಾವಂಚಕ್ಕೆ ವೆಟ್ಟಿವೇರ್, ಕಚೋರಕ್ಕೆ ಪೂಲಾಂಕಿಳಂಗು, ಸೊಗದೇಬೇರಿಗೆ ನನ್ನಾರಿ, ಆವರಿಕೆಯ (ತಂಗಡಿಯ) ಹೂವಿಗೆ ಆವಾರಂಪೂ, ಕಸ್ತೂರಿ ಅರಿಶಿನಕ್ಕೆ ಕಸ್ತೂರಿ ಮಂಜಳ್ ಎಂದು ಕೇಳಬೇಕು. ಹಳೆಯ ಮೈಸೂರಿನವರ ಒಳ್ಳೆಣ್ಣೆಯೂ ತಮಿಳರ ನಲ್ಲೆಣ್ಣೈಯೂ ಒಂದೇ. ಎರಡೂ ಎಳ್ಳಿನ ಎಣ್ಣೆಯೇ.

ಆದರೆ ಎಲ್ಲ ಹೆಸರುಗಳೂ ಹೀಗೆ ಹೊಂದುವುದಿಲ್ಲ. ತಮಿಳಿನಲ್ಲಿ ಕತ್ತಾಳೈ, ಸೋತ್ತುಕತ್ತಾಳೈ ಎಂದರೆ ಲೋಳೆಸರ. ಕನ್ನಡದಲ್ಲಿ ಕತ್ತಾಳೆ ಎಂದರೆ ಹಗ್ಗದ ನಾರು ತೆಗೆಯುವ, ಬೇಲಿಗೆ ನೆಡುವ ಬೇರೊಂದು ಗಿಡ. ತಮಿಳಿನಲ್ಲಿ ಅದು ಆನೈಕತ್ತಾಳೈ. ಎರಡರ ಎಲೆಗಳೂ ದಪ್ಪನಾಗಿ ಮುಳ್ಳಂಚಿನಿಂದ ಕೂಡಿರುವುದರಿಂದ ಅರಿಯದವರಿಗೆ ಒಂದೇ ಎನಿಸಬಹುದು. ಕನ್ನಡಿಗರ ಕತ್ತಾಳೆಯ ರಸದಲ್ಲಿ ಸೂಜಿಯಂತಹ ಹರಳುಗಳಿದ್ದು, ಅದು ಚರ್ಮಕ್ಕೆ ತಾಗಿದರೆ ಉರಿ, ಕೆಂಪು, ಬೊಬ್ಬೆಗಳು ಉಂಟಾಗುತ್ತವೆ. ನೆರೆಯವರು ಕತ್ತಾಳೈ ಒಳ್ಳೆಯದೆಂದು ಹೇಳಿದ ಮಾತನ್ನು ಕೇಳಿ ಊರಿನ ಬೇಲಿಯ ಎಲೆಯನ್ನು ಮುರಿದು ಮಗುವಿನ ಮುಖಕ್ಕೆ ಹಚ್ಚಿದರೆ ಆಗುವ ಅನರ್ಥವನ್ನು ಊಹಿಸಿಕೊಳ್ಳಬಹುದು.

ಸ್ನಾನದ ಪುಡಿ

ಚೆನ್ನೈಯ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರ ಸುಣ್ಣದ ಅಂಶದೊಡನೆ ಸಾಬೂನು ಸೇರಿ ನೊರೆಯ ಬದಲು ಬಿಳಿಯ ಗಸಿಯಾಗುತ್ತದೆ. ಆ ಗಸಿ ಮೈಮೇಲೆ ಉಳಿದು ಚರ್ಮವನ್ನು ಒಣಗಿಸುತ್ತದೆ. ಕಾಳಿನ ಹಿಟ್ಟು ಇಂತಹ ಗಸಿಯನ್ನುಂಟುಮಾಡದೆ ಜಿಡ್ಡನ್ನೂ ಕೊಳೆಯನ್ನೂ ಹೀರಿಕೊಂಡು ನೀರಿನೊಡನೆ ಹೋಗಿಬಿಡುತ್ತದೆ. ಎಣ್ಣೆಸ್ನಾನದ ನಂತರ ಹಿಟ್ಟು ಹಚ್ಚುವ ಹಿರಿಯರ ಪದ್ಧತಿಗೆ ಕಾರಣವಿದೆ.

ಬೇಕಾದ ಪದಾರ್ಥಗಳು: ಹೆಸರುಕಾಳು 250 ಗ್ರಾಂ, ಕಡಲೆಬೇಳೆ 100 ಗ್ರಾಂ, ಲಾವಂಚದ ಬೇರು 25 ಗ್ರಾಂ, ಕಚೋರ 25 ಗ್ರಾಂ, ಒಣಗಿದ ಗುಲಾಬಿ ದಳ ಅಥವಾ ಆವರಿಕೆಯ ಹೂ 25 ಗ್ರಾಂ. ಬೇಕೆನಿಸಿದರೆ ಅರಿಶಿನ 10 ಗ್ರಾಂ. ಗಂಡಸರ ಬಳಕೆಗೆ ಅದನ್ನು ಬಿಡಬಹುದು.

ಎಲ್ಲವನ್ನೂ ಆರಿಸಿ, ಲಾವಂಚದ ಮಣ್ಣನ್ನು ತೊಳೆದು, ಎರಡು ದಿನ ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಬೇಕು. ಬೀದಿಯ ಗಿರಣಿಯಲ್ಲಿ ಬೀಸಿಸುವುದಾದರೆ ಅಕ್ಕಿ ಅಥವಾ ಗೋಧಿ ಬೀಸಿದ ನಂತರವೇ ಕೊಡತಕ್ಕದ್ದು. ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲಿ ಬೀಸಿದ ಸ್ನಾನದ ಪುಡಿಯ ಉರಿಯನ್ನು ಒಮ್ಮೆ ಅನುಭವಿಸಿದವರು ಮರೆಯಲಾರರು. ಪುಡಿಯನ್ನು ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ತರಿ ಉಳಿದರೆ ಚರ್ಮ ಗೀರುತ್ತದೆ.

ಮುಂಗಾರಿಗಿಂತ ಹಿಂಗಾರು ಮಳೆ ಹೆಚ್ಚಾಗಿರುವ ಈ ಊರಿನಲ್ಲಿ ಆರು ತಿಂಗಳ ಪುಡಿಯನ್ನು ಒಮ್ಮೆಗೇ ಮಾಡಿಡುವುದು ಸಲ್ಲದು. ತೇವ ಹೊಕ್ಕ ಪುಡಿಯಲ್ಲಿ ಹುಳು, ಬೂಷ್ಟು ಬೇಗ ಕಾಣಿಸಿಕೊಳ್ಳುತ್ತವೆ. ಒಂದೆರಡು ತಿಂಗಳಿಗೆ ಸಾಕಾಗುವಷ್ಟನ್ನು ಮಾಡಿ ಒಣಗಿದ ಗಾಜಿನ ಭರಣಿಯಲ್ಲಿಟ್ಟು, ವಾರಕ್ಕೆ ಬೇಕಾದುದನ್ನು ಮಾತ್ರ ಸ್ನಾನದ ಮನೆಗೆ ತೆಗೆದಿಡಬೇಕು. ನೀರಿನಲ್ಲಿಯೋ ಮೊಸರಿನಲ್ಲಿಯೋ ಕಲಸಿದುದನ್ನು ಆಗಲೇ ಬಳಸಿ ಉಳಿದುದನ್ನು ಚೆಲ್ಲತಕ್ಕದ್ದು. ಮನೆಯಲ್ಲಿ ಮಾಡಿದ ಎಲ್ಲ ಲೇಪಗಳಿಗೂ ಇದೇ ನಿಯಮ: ನೀರು ಸೇರಿದ್ದು ಬಾಳದು.

ಲೋಳೆಸರ, ಬೇವು, ಎಣ್ಣೆ

ಲೋಳೆಸರದ ಎಲೆಯನ್ನು ಕತ್ತರಿಸಿದೊಡನೆ ಸಿಪ್ಪೆಯ ಅಡಿಯಿಂದ ಹಳದಿಯ ಕಹಿರಸ ಇಳಿಯುತ್ತದೆ. ಅದು ಚರ್ಮಕ್ಕೆ ತುರಿಕೆಯನ್ನು ತರಬಲ್ಲದು. ಆದುದರಿಂದ ಎಲೆಯನ್ನು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ, ರಸ ಬಸಿದ ಮೇಲೆ ತೊಳೆದು, ಸಿಪ್ಪೆ ತೆಗೆದು, ಒಳಗಿನ ಪಾರದರ್ಶಕ ತಿರುಳನ್ನು ಮಾತ್ರ ಬಳಸಬೇಕು. ಮರೀನಾ ತೀರದಿಂದ ಬಿಸಿಲಿಗೆ ಕೆಂಪಾಗಿ ಬಂದ ಮಕ್ಕಳ ತೋಳಿಗೆ ಇದು ತಂಪು ನೀಡುತ್ತದೆ.

ಬೇವಿನ ಎಲೆ ಚೆನ್ನೈಯ ಬಹುತೇಕ ಬೀದಿಗಳಲ್ಲಿ ಲಭ್ಯ. ಒಂದು ಹಿಡಿ ಎಲೆಯನ್ನು ತೊಳೆದು ಎರಡು ಲೀಟರು ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ, ಸ್ನಾನದ ನೀರಿಗೆ ಬೆರೆಸುವುದು ವಾಡಿಕೆ. ಮೇಲೆ ಬಳಸುವ ಈ ಕ್ರಮ ಬೇರೆ, ಬೇವಿನ ಎಣ್ಣೆಯನ್ನು ಒಳಗೆ ಕೊಡುವುದು ಬೇರೆ. ಎಳೆಯ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಿದುದರಿಂದ ವಾಂತಿ, ಸೆಳವು, ಮಿದುಳಿಗೆ ಹಾನಿ ಉಂಟಾದ ಪ್ರಕರಣಗಳು ವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿವೆ. ಅದನ್ನು ಎಂದಿಗೂ ಮಾಡಬಾರದು.

ಚೆನ್ನೈಯಲ್ಲಿ ಅಭ್ಯಂಜನವನ್ನು ಬಿಡಬೇಕಾಗಿಲ್ಲ. ಕ್ರಮವನ್ನು ತಿದ್ದಿಕೊಂಡರೆ ಸಾಕು. ಎಣ್ಣೆಯನ್ನು ಸ್ನಾನಕ್ಕೆ ಮೊದಲು ತೆಳುವಾಗಿ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಪೂರ್ತಿಯಾಗಿ ತೊಳೆದುಬಿಡಬೇಕು. ದಿನವೆಲ್ಲ ತಂಪು ಯಂತ್ರದ ಕಚೇರಿಯಲ್ಲಿ ಕುಳಿತು ಮೈ ಒಣಗುವವರಿಗೆ ಮಾತ್ರ ಸ್ನಾನದ ನಂತರ ಒದ್ದೆ ಚರ್ಮದ ಮೇಲೆ ಕೆಲವು ಹನಿ ಕೊಬ್ಬರಿ ಎಣ್ಣೆ ಹಿತ. ಹಿಮ್ಮಡಿಯ ಬಿರುಕಿಗೆ ನಾಲ್ಕು ಭಾಗ ಕೊಬ್ಬರಿ ಎಣ್ಣೆಗೆ ಒಂದು ಭಾಗ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಆರಿಸಿದರೆ ಒಳ್ಳೆಯ ಮುಲಾಮಾಗುತ್ತದೆ. ಇದರಲ್ಲಿ ನೀರಿಲ್ಲದ ಕಾರಣ ತಿಂಗಳುಗಟ್ಟಲೆ ಕೆಡದು.

ಅರಿಶಿನದ ಮಾತು

ತಮಿಳುನಾಡಿನ ಈರೋಡು ಅರಿಶಿನಕ್ಕೆ ಹೆಸರುವಾಸಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಗಾಯಕ್ಕೆ ಅರಿಶಿನ ಹಚ್ಚುವ ಕ್ರಮಕ್ಕೆ 1995ರಲ್ಲಿ ಅಮೆರಿಕೆಯ ವಿಶ್ವವಿದ್ಯಾಲಯವೊಂದಕ್ಕೆ ಪೇಟೆಂಟ್ ನೀಡಲಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಹಳೆಯ ಬರಹಗಳ ಆಧಾರವನ್ನು ಮುಂದಿಟ್ಟು ವಾದಿಸಿದ ಫಲವಾಗಿ 1997ರಲ್ಲಿ ಅದು ರದ್ದಾಯಿತು. ಈ ಜ್ಞಾನ ಹೊಸದಲ್ಲವೆಂದು ಅದರಿಂದ ಸ್ಥಾಪಿತವಾಯಿತು. ಅರಿಶಿನ ಎಲ್ಲ ಚರ್ಮರೋಗಗಳನ್ನೂ ಗುಣಪಡಿಸುವುದೆಂದು ಅಲ್ಲ.

ಬಿಡಿಯಾಗಿ ಮಾರುವ ಕಣ್ಣು ಕುಕ್ಕುವ ಹಳದಿಯ ಪುಡಿಯಲ್ಲಿ ಬಣ್ಣಕ್ಕಾಗಿ ಸೀಸದ ಸಂಯುಕ್ತವನ್ನು ಬೆರೆಸುವ ದುಷ್ಟ ಪದ್ಧತಿ ಉಪಖಂಡದಲ್ಲಿ ಹಲವೆಡೆ ಪತ್ತೆಯಾಗಿದೆ. ಲೇಪ ಹಚ್ಚಿದ ಬೆರಳನ್ನು ಮಗು ಬಾಯಿಗಿಟ್ಟರೆ ಆ ವಿಷ ಒಳಸೇರುತ್ತದೆ. ಇಡಿಯ ಕೊಂಬನ್ನೇ ಕೊಂಡು ತೊಳೆದು, ಒಣಗಿಸಿ, ಪುಡಿಮಾಡಿಸುವುದೇ ಕ್ಷೇಮ. ಶ್ರೀಗಂಧಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಗ್ಗದ ಗಂಧದ ಪುಡಿಗಿಂತ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವುದು ಮೇಲು.

ಮಾಡಬಾರದವು

ನಿಂಬೆಯ ರಸವನ್ನು ಮುಖಕ್ಕೆ ಹಚ್ಚುವುದು ಸಾಮಾನ್ಯ ತಪ್ಪು. ಅದರ ಆಮ್ಲ ಚರ್ಮಕ್ಕೆ ತೀಕ್ಷ್ಣ. ಅದರಲ್ಲಿರುವ ಕೆಲವು ದ್ರವ್ಯಗಳು ಬಿಸಿಲಿನೊಡನೆ ಸೇರಿ ಸುಟ್ಟಂತೆ ಬೊಬ್ಬೆ ಎಬ್ಬಿಸಿ, ತಿಂಗಳುಗಟ್ಟಲೆ ಮಾಯದ ಕಪ್ಪು ಕಲೆಯನ್ನು ಉಳಿಸುತ್ತವೆ. ಅಡಿಗೆ ಸೋಡ ಕ್ಷಾರಗುಣದ್ದಾದುದರಿಂದ ಚರ್ಮದ ಸಹಜ ಆಮ್ಲತೆಯನ್ನು ಕೆಡಿಸುತ್ತದೆ.

ಎಳೆಗೂಸಿನ ಮೈಯ ಕೂದಲು ಉದುರಲೆಂದು ಕಡಲೆಹಿಟ್ಟಿನಿಂದ ಬಿರುಸಾಗಿ ಉಜ್ಜುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಕೂದಲು ತಾನಾಗಿಯೇ ಉದುರುವಂಥದು. ಉಜ್ಜಿದರೆ ಎಳೆಯ ಚರ್ಮ ಗಾಯವಾಗುತ್ತದೆ, ಹಿಟ್ಟಿನ ಧೂಳು ಉಸಿರಿನೊಡನೆ ಒಳಹೋಗುತ್ತದೆ. ಇಸಬು ಇರುವ ಮಗುವಿನ ಒಡೆದ ಚರ್ಮಕ್ಕೆ ಆಹಾರಪದಾರ್ಥಗಳನ್ನು ಹಚ್ಚಿದರೆ ಆ ಪದಾರ್ಥವೇ ಮುಂದೆ ಮೈಗೊಗ್ಗದಂತಾಗುವ ಸಂಭವವೂ ಇದೆ.

ಚರ್ಮದ ಬಣ್ಣ ಹುಟ್ಟಿನಿಂದ ಬಂದುದು. ಯಾವ ಲೇಪವೂ ಕಪ್ಪನ್ನು ಬಿಳಿಯಾಗಿಸದು. ಕೆಲವೇ ದಿನಗಳಲ್ಲಿ ಬಿಳುಪು ತರುವುದಾಗಿ ಹೇಳಿ ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸ ಅಥವಾ ಸ್ಟೀರಾಯ್ಡ್ ಪತ್ತೆಯಾಗಿರುವುದುಂಟು. ಪಾದರಸವು ಮೂತ್ರಪಿಂಡಗಳಿಗೆ ಹಾನಿಕರ.

ಹೊಸದಾಗಿ ಮಾಡಿದ ಯಾವುದೇ ಮದ್ದನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಕಾಸಿನಗಲ ಹಚ್ಚಿ, ಮೂರು ನಾಲ್ಕು ದಿನ ಅದೇ ಜಾಗದಲ್ಲಿ ಪರೀಕ್ಷಿಸಬೇಕು. ಒಗ್ಗದಿರುವಿಕೆ ಎಷ್ಟೋ ಸಲ ಎರಡು ದಿನಗಳ ನಂತರ ಕಾಣಿಸುತ್ತದೆ. ಗಿಡದಿಂದ ಬಂದುದೆಲ್ಲ ನಿರಪಾಯವೆಂಬ ನಂಬಿಕೆ ಸರಿಯಲ್ಲ.

ವೈದ್ಯರಲ್ಲಿಗೆ ಯಾವಾಗ?

ಉಂಗುರದಂತೆ ಹರಡುವ ತುರಿಕೆ ಹುಳುಕಡ್ಡಿಯಿರಬಹುದು. ಬೆವರಿನ ಊರಿನಲ್ಲಿ ಅದು ಮನೆಮಂದಿಗೆಲ್ಲ ಅಂಟುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆಯನ್ನು ಅಡಗಿಸಿ, ಆಮೇಲೆ ರೋಗವನ್ನು ಹಬ್ಬಿಸುತ್ತದೆ. ಸ್ಪರ್ಶಜ್ಞಾನವಿಲ್ಲದ ಮಾಸಿದ ಮಚ್ಚೆ ಕುಷ್ಠದ ಲಕ್ಷಣವಾಗಿರಬಹುದು. ಬೇಗ ಗುರುತಿಸಿದರೆ ಅದು ಪೂರ್ಣವಾಗಿ ವಾಸಿಯಾಗುವ ರೋಗ, ಲೇಪ ಹಚ್ಚುತ್ತ ಕಾಲ ಕಳೆದರೆ ಅಂಗಹಾನಿ. ಕೀವು, ಜ್ವರ, ಬೆಳೆಯುತ್ತಿರುವ ಮಚ್ಚೆ, ಸಕ್ಕರೆ ಕಾಯಿಲೆಯವರ ಕಾಲಿನ ಬಿರುಕು ಇವುಗಳಿಗೆ ಮನೆಮದ್ದು ತಕ್ಕುದಲ್ಲ. ನಗರದ ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಸಿದ್ಧ ವೈದ್ಯದಲ್ಲಿ ವಿಶ್ವಾಸವಿರುವವರಿಗೆ ತಾಂಬರಂ ಸ್ಯಾನಟೋರಿಯಂನಲ್ಲಿ 2005ರಲ್ಲಿ ಆರಂಭವಾದ ರಾಷ್ಟ್ರೀಯ ಸಿದ್ಧ ಸಂಸ್ಥೆಯಿದೆ.

ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ಬಲ್ಲ ಮದ್ದುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಕನ್ನಡದ ಹೆಸರು, ಅದರ ಪಕ್ಕದಲ್ಲಿ ತಮಿಳಿನ ಹೆಸರು, ಪ್ರಮಾಣ, ಯಾರಿಗೆ ಒಗ್ಗಿತು, ಯಾರಿಗೆ ಒಗ್ಗಲಿಲ್ಲ ಎಂಬ ವಿವರಗಳಿದ್ದರೆ ಮುಂದಿನ ಪೀಳಿಗೆಗೆ ಅದೇ ದಾರಿ ತೋರುವುದು. ಚೆನ್ನೈಯಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಅಜ್ಜಿಯ ಸ್ನಾನದ ಪುಡಿಯೊಡನೆ ಅದರ ಎಚ್ಚರಿಕೆಯೂ ತಲುಪಬೇಕು.