ಇಲಿ ಬಿಲದಲ್ಲಿರೋ ಆರು ಚುಕ್ಕೆ ಜೀರುಂಡೆ: ಕೈಯಲ್ಲಿ ಹಿಡಿಯಬೇಡಿ, ಗ್ಯಾಸ್ ಹಾಕಿ ಸಾಯಿಸಲೂ ಬೇಡಿ

ಹದಿನಾರು: ಚಳಿಗಾಲ ಬಂತೆಂದರೆ ಹದಿನಾರು ಕೆರೆಯ ಪಟ್ಟೆ ತಲೆ ಹೆಬ್ಬಾತು ನೋಡೋಕೆ ಜನ ಬರ್ತಾರೆ. ಆದರೆ ಬದುವಿನ ಇಲಿ ಬಿಲದಲ್ಲಿ ಅಡಗಿರೋ ಒಂದು ಹುಳದ ಬಗ್ಗೆ ಗೊತ್ತಿರೋರು ಕಡಿಮೆ. ಕಪ್ಪು ಮೈ, ಅದರ ಮೇಲೆ ಆರು ಬಿಳಿ ಚುಕ್ಕೆ. ಬೆಳೆ ತಿನ್ನೋ ಹುಳಗಳನ್ನು ಬೇಟೆಯಾಡುವ ಈ ಜೀರುಂಡೆ ರೈತರ ಪಾಲಿಗೆ ಕೂಲಿ ಇಲ್ಲದ ಕಾವಲುಗಾರ. ಆದರೆ ಇಲಿಗೆ ಹಾಕುವ ಹೊಗೆ, ಗ್ಯಾಸಿಗೆ ಇದೂ ಬಲಿಯಾಗುತ್ತೆ.

ನೋಡೋಕೆ ಹೇಗಿರುತ್ತೆ?

ಇದರ ವೈಜ್ಞಾನಿಕ ಹೆಸರು ಆಂಥಿಯಾ ಸೆಕ್ಸ್‌ಗುಟ್ಟಾಟ. ಹೆಸರಿನ ಅರ್ಥವೇ ಆರು ಚುಕ್ಕೆಯದ್ದು ಅಂತ. ಡೆನ್ಮಾರ್ಕಿನ ಕೀಟ ವಿಜ್ಞಾನಿ ಫ್ಯಾಬ್ರಿಸಿಯಸ್ 1775ರಲ್ಲೇ ಇದನ್ನು ದಾಖಲಿಸಿದ್ದಾರೆ. ದಕ್ಷಿಣ ಭಾರತದ ಒಣ ಭೂಮಿ, ಕುರುಚಲು ಕಾಡು ಇದರ ನೆಲೆ.

ಉದ್ದ ಸುಮಾರು 4 ಸೆಂ.ಮೀ. ಎದೆ ಭಾಗದ ಮೇಲೆ ಎರಡು, ಬೆನ್ನಿನ ಗಟ್ಟಿ ಚಿಪ್ಪಿನ ಮೇಲೆ ನಾಲ್ಕು ಚುಕ್ಕೆ. ಇವು ಬಣ್ಣ ಬಳಿದಂತೆ ಕಂಡರೂ ನಿಜದಲ್ಲಿ ಒತ್ತಾಗಿ ಬೆಳೆದ ಸಣ್ಣ ಬಿಳಿ ರೋಮ. ತಲೆಯ ಮುಂದೆ ಇಕ್ಕಳದಂಥ ಎರಡು ದವಡೆ ಇವೆ. ಗಂಡಿನ ದವಡೆ ಹೆಣ್ಣಿನದಕ್ಕಿಂತ ದೊಡ್ಡದು.

ಬೆನ್ನಿನ ಚಿಪ್ಪು ಅಸಲಿಗೆ ಮುಂದಿನ ಜೋಡಿ ರೆಕ್ಕೆ. ಅವೆರಡೂ ಬೆಸೆದುಕೊಂಡಿರೋದರಿಂದ ಈ ಹುಳಕ್ಕೆ ಹಾರೋಕೆ ಬರಲ್ಲ. ಅದರ ಬದಲು ಉದ್ದನೆಯ ಕಾಲುಗಳಿವೆ, ಓಟ ಜೋರು. ಬಿಸಿಲು ನಾಡಿನಲ್ಲಿ ಮೈಯ ನೀರಿನಂಶ ಬೇಗ ಆರಿಹೋಗದಂತೆ ತಡೆಯೋಕೂ ಈ ಗಟ್ಟಿ ಚಿಪ್ಪು ನೆರವಾಗುತ್ತೆ.

ಇಲಿ ಬಿಲವೇ ಯಾಕೆ?

ಹಗಲಿನ ಬಿಸಿಲಲ್ಲಿ ಮೇಲಿನ ಮಣ್ಣು ಕಾದರೂ ಬಿಲದೊಳಗೆ ತಂಪು, ಸ್ವಲ್ಪ ತೇವ ಇರುತ್ತೆ. ಬಿಲ ಸೇರುವ ಮಿಡತೆ, ಜಿರಲೆಯಂಥ ಹುಳಗಳೂ ಸಿಗುತ್ತವೆ. ಗದ್ದೆ ಬದುವಿನಲ್ಲಿ ಹೆಗ್ಗಣ, ಒಣ ಹೊಲದಲ್ಲಿ ಬಾಲದ ತುದಿಗೆ ಕೂದಲ ಗೊಂಚಲಿರೋ ಇಲಿ ಬಿಲ ತೋಡಿ ಬಿಟ್ಟುಹೋದರೆ ಜೀರುಂಡೆಗೆ ಕಟ್ಟಿದ ಮನೆ ಸಿಕ್ಕಂತೆ. ಸಡಿಲವಾದ ಮರಳು ಮಣ್ಣಿದ್ದರೆ ಇನ್ನೂ ಅನುಕೂಲ.

ಕತ್ತಲಾದ ಮೇಲೆ ಇದು ಬೇಟೆಗೆ ಹೊರಡುತ್ತೆ. ಕಂಬಳಿಹುಳ, ಮಿಡತೆ, ಬಸವನಹುಳ ಇದರ ಆಹಾರ. ಕಾಳು, ಸೊಪ್ಪು ಮುಟ್ಟಲ್ಲ. ಬೆಳೆಗೆ ಇದರಿಂದ ನಷ್ಟವಿಲ್ಲ.

ಕಣ್ಣು ಹುಷಾರು

ಇದಕ್ಕೆ ವಿಷದ ಕೊಂಡಿಯಿಲ್ಲ. ಆದರೆ ಕೆಣಕಿದರೆ ಹಿಂಭಾಗದ ಗ್ರಂಥಿಯಿಂದ ಫಾರ್ಮಿಕ್ ಆಸಿಡ್ ಚಿಮ್ಮಿಸುತ್ತೆ. ಕೆಲವು ಇರುವೆಗಳ ವಿಷದಲ್ಲಿ ಇರೋದೂ ಇದೇ ಆಸಿಡ್. ರಬ್ಬರ್ ಹಾಲು ಹೆಪ್ಪುಗಟ್ಟಿಸೋಕೆ ಬಳಸೋದೂ ಇದನ್ನೇ. ಚರ್ಮಕ್ಕೆ ತಗುಲಿದರೆ ಉರಿ, ಕಣ್ಣಿಗೆ ಬಿದ್ದರೆ ಗಾಯವಾಗಬಹುದು. ಮಕ್ಕಳು ಆಟಕ್ಕೆ ಹಿಡಿದು ಮುಖದ ಹತ್ತಿರ ತರದಂತೆ ನೋಡಿಕೊಳ್ಳಬೇಕು.

ಕಣ್ಣಿಗೆ ಸಿಡಿದರೆ ಉಜ್ಜಬೇಡಿ. ಕೂಡಲೇ ಶುದ್ಧ ನೀರಿನಿಂದ 15ರಿಂದ 20 ನಿಮಿಷ ತೊಳೆದು, ನಂಜನಗೂಡು ಇಲ್ಲವೇ ತಿ.ನರಸೀಪುರದ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ಇದನ್ನೇ ಹೋಲುವ ಇನ್ನೊಂದು ಹುಳ ಇದೆ. ಕಪ್ಪು ಮೈ ಮೇಲೆ ಏಳು ಚುಕ್ಕೆ, ಗುಂಡನೆಯ ದೇಹ, ಗಾತ್ರದಲ್ಲಿ ಚಿಕ್ಕದು. ಅದು ಜೀರುಂಡೆಯಲ್ಲ, ಒಂದು ಜಾತಿ ಕಾಡು ಜಿರಲೆ. ಆಸಿಡ್ ಹುಳದ ವೇಷ ಹಾಕಿ ಹಕ್ಕಿಗಳಿಂದ ಪಾರಾಗುತ್ತೆ ಅನ್ನೋದು ಕೀಟ ತಜ್ಞರ ಅಭಿಪ್ರಾಯ. ಅದರಿಂದ ಮನುಷ್ಯರಿಗೆ ತೊಂದರೆಯಿಲ್ಲ.

ಇಲಿ ಹೋಗಲಿ, ಜೀರುಂಡೆ ಉಳಿಯಲಿ

ಭತ್ತದ ಫಸಲಿಗೆ ಇಲಿ, ಹೆಗ್ಗಣದ ಕಾಟ ಸಣ್ಣದಲ್ಲ. ಹಾಗಂತ ಕಂಡ ಬಿಲಕ್ಕೆಲ್ಲ ಹೊಗೆ, ಗ್ಯಾಸ್ ಬಿಟ್ಟರೆ ಇಲಿಯಿಲ್ಲದ ಬಿಲದ ಜೀರುಂಡೆ ಸಾಯುತ್ತೆ, ದುಡ್ಡೂ ದಂಡ. ಹಾರಲಾರದ ಹುಳವಾದ್ದರಿಂದ ಒಮ್ಮೆ ಒಂದು ಹೊಲದಲ್ಲಿ ಅಳಿದರೆ ಬೇರೆ ಕಡೆಯಿಂದ ಮತ್ತೆ ಬಂದು ಸೇರೋದು ತುಂಬ ನಿಧಾನ. ಅದಕ್ಕೆ ಈ ಕ್ರಮ ಅನುಸರಿಸಬಹುದು:

• ಮೊದಲ ದಿನ ಸಂಜೆ ಎಲ್ಲಾ ಬಿಲದ ಬಾಯಿಗೆ ಸಡಿಲವಾಗಿ ಮಣ್ಣು ಮುಚ್ಚಿ. ಮಾರನೇ ದಿನ ಮಣ್ಣು ಹೊರಹಾಕಿ ತೆರೆದಿರೋ ಬಿಲದಲ್ಲಿ ಮಾತ್ರ ಇಲಿ ಇದೆ ಅಂತ ಅರ್ಥ. ಅದನ್ನಷ್ಟೇ ಗುರುತು ಮಾಡಿಕೊಳ್ಳಿ.

• ಗ್ಯಾಸಿಗಿಂತ ಬೋನು ಅಥವಾ ಕಾಳಿನಲ್ಲಿ ಬೆರೆಸಿದ ಇಲಿ ಪಾಷಾಣ ವಾಸಿ. ಜೀರುಂಡೆ ಕಾಳು ತಿನ್ನಲ್ಲ. ಸತುವಿನ ಫಾಸ್ಫೈಡ್ ಬಳಸೋದಾದರೆ ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳಿಟ್ಟು ಇಲಿಗೆ ರೂಢಿ ಮಾಡಿಸಬೇಕು.

• ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಬರೋ ಅನಿಲಕ್ಕೆ ಮನುಷ್ಯರೂ ಸಾಯ್ತಾರೆ, ಪ್ರತ್ಯೌಷಧ ಇಲ್ಲ. ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ ಅನ್ನೋದು ಗೊಬ್ಬರ, ಔಷಧಿ ಅಂಗಡಿಯವರ ಗಮನದಲ್ಲಿರಲಿ.

• ಜೀರುಂಡೆ ಅಂಗಡಿ, ಗೋದಾಮಿನೊಳಗೆ ಬಂದರೆ ಹೊಡೆಯಬೇಡಿ. ಪೊರಕೆಯಿಂದ ಮೊರಕ್ಕೆ ತಳ್ಳಿಕೊಂಡು ಬದುವಿನ ಮೇಲೆ ಬಿಟ್ಟರೆ ಸಾಕು.