ಟಿ.ಸಿ.ಯಲ್ಲಿ ಬಾರದ ಮಾಹಿತಿ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಆರನೆಯ ತರಗತಿಯ ಗಣಿತ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಕಪ್ಪುಹಲಗೆಯತ್ತ ನೋಡದೆ, ಪಕ್ಕದವಳ ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದು ಬರೆದುಕೊಳ್ಳುತ್ತಿದ್ದಳು. ಪ್ರಶಿಕ್ಷಣಾರ್ಥಿಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ‘ಗಮನ ಕಡಿಮೆ’ ಎಂದಿತ್ತು. ಅದಕ್ಕೆ ನಾನೂ ಸಹಿ ಹಾಕಿದ್ದೆ.

ಮುಂದಿನ ವಾರ ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ, ಅವಳು ಐದನೆಯ ತರಗತಿಯವರೆಗೆ ಓದಿದ ಪಕ್ಕದ ಊರಿನ ಶಾಲೆಯ ಶಿಕ್ಷಕಿ ಸಿಕ್ಕರು. “ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ ಸಾರ್. ಮುಂದೆ ಕೂರಿಸ್ತಿದ್ದೆ, ಹಲಗೆ ಮೇಲೆ ಬರೆದದ್ದನ್ನ ಗಟ್ಟಿಯಾಗಿ ಓದ್ತಿದ್ದೆ. ಬಾಯಿಲೆಕ್ಕದಲ್ಲಿ ಅವಳೇ ಮುಂದೆ” ಎಂದರು. ಐದು ವರ್ಷದ ತಿಳಿವಳಿಕೆ ಒಂದು ನಿಮಿಷದ ಮಾತಿನಲ್ಲಿತ್ತು. ಟಿ.ಸಿ.ಯಲ್ಲಿ ಜನ್ಮದಿನಾಂಕ ಬಂದಿತ್ತು, ಇದು ಬಂದಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಗು ಕಾಣದ ಹಲಗೆಯ ಮುಂದೆ ಕುಳಿತಿತ್ತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಾಲೆ ಮಾಡಿಕೊಡಬೇಕೆನ್ನುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆ ಇದನ್ನೆಲ್ಲ ಒಂಟಿಯಾಗಿ ಕಲಿಯುವುದು ಆಗದ ಮಾತು. ಬಿ.ಐ.ಇ.ಆರ್.ಟಿ.ಗಳು ಇರುವುದು ತಾಲ್ಲೂಕು ಮಟ್ಟದಲ್ಲಿ. ಪ್ರತಿ ಶಾಲೆಗೂ ಅವರು ಪದೇ ಪದೇ ಬರಲಾರರು. ಆದ್ದರಿಂದಲೇ ಶಾಲೆಗಳು ಪರಸ್ಪರ ಹಂಚಿಕೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಶಾಲಾ ಸಂಕೀರ್ಣದ ಆಶಯವೂ ಇದೇ. (ಹೊಸದೇನಲ್ಲ, 1964–66ರ ಕೊಠಾರಿ ಆಯೋಗವೇ ಇದನ್ನು ಹೇಳಿತ್ತು.)

ಹಂಚಿಕೊಳ್ಳುವುದೆಂದರೆ ಅಂಥ ಮಕ್ಕಳನ್ನೆಲ್ಲ ಒಂದೇ ಶಾಲೆಗೆ ಕಳಿಸುವುದೆಂದು ಕೆಲವರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಮಗು ಓಣಿಯ ಗೆಳತಿಯರ ಜೊತೆ ನಡೆದು ಬರುವ ಶಾಲೆಯಲ್ಲೇ ಇರಲಿ. ಬ್ರೈಲ್ ಸ್ಲೇಟು, ದಪ್ಪಕ್ಷರದ ಪುಸ್ತಕ, ಅನುಭವಿ ಶಿಕ್ಷಕಿ ಓಡಾಡಲಿ.

ನಮ್ಮ ಸಮೂಹದಲ್ಲಿ ಈಗ ಐದನೆಯ ತರಗತಿಯ ಶಿಕ್ಷಕರು ಒಂದು ಪುಟ ಬರೆದು ಆರನೆಯ ತರಗತಿಯವರಿಗೆ ಕೈಯಾರೆ ಕೊಡುತ್ತಾರೆ. ನ್ಯೂನತೆಯ ಹೆಸರಿಗಿಂತ, ಮಗು ಏನು ಮಾಡಬಲ್ಲದು, ಎಲ್ಲಿ ಕೂರಿಸಿದರೆ ಅನುಕೂಲ, ಯಾವ ಉಪಾಯ ಫಲಿಸಲಿಲ್ಲ ಎಂಬುದು ಅದರಲ್ಲಿರಬೇಕು. ಪೋಷಕರ ಒಪ್ಪಿಗೆ ಬೇಕು. ಸಭೆಯಲ್ಲಿ ಎಲ್ಲರೆದುರು ಓದುವಂತಿಲ್ಲ. ಪ್ರಶಿಕ್ಷಣಾರ್ಥಿಗಳು ಮೊದಲ ಪಾಠಯೋಜನೆಗೆ ಮುಂಚೆ ಇದನ್ನು ತರಗತಿ ಶಿಕ್ಷಕರಿಂದ ಕೇಳಿ ತಿಳಿಯಬೇಕೆಂದು ಗೊತ್ತುಮಾಡಿದ್ದೇವೆ.

ಆ ಹುಡುಗಿ ಈಗ ಮೊದಲ ಸಾಲಿನಲ್ಲಿದ್ದಾಳೆ. ದಪ್ಪಕ್ಷರದ ಗಣಿತ ಪುಸ್ತಕ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪ್ರಶಿಕ್ಷಣಾರ್ಥಿ ಪ್ರತಿ ಸಂಜೆ ಮರುದಿನದ ಲೆಕ್ಕಗಳನ್ನು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಡುತ್ತಿದ್ದಾಳೆ.